ಚಿಕ್ಕಮಗಳೂರಿನ ಜಯಮ್ಮ, ಗುಬ್ಬಿ ಕಂಪನಿಯ ಜಯಮ್ಮ

ಬಿ. ಜಯಮ್ಮನವರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಲ್ಲಿ, 1915ರಲ್ಲಿ. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಬ್ಲೌಸ್ ಹೊಲಿಸಲು ಬರುವವರಿಗೆ, ನಾಟಕದ ಮೇಷ್ಟ್ರಿಗೆ, ಬಸ್ಸಲ್ಲಿ ಪಕ್ಕ ಕೂತವರಿಗೆ. "ಯಾವ ಜಯಮ್ಮ?" ಅಂತ ಕೇಳುತ್ತಾರೆ. ಗುಬ್ಬಿ ನಾಟಕ ಕಂಪನಿಯ ಮಾಲೀಕರು ಗುಬ್ಬಿ ವೀರಣ್ಣನವರ ಹೆಂಡತಿ ಅಂದರೆ "ಓ, ಅವರಾ" ಅನ್ನುತ್ತಾರೆ. ಅಲ್ಲಿಗೆ ಮಾತು ವೀರಣ್ಣನವರ ಕಡೆ ಹೊರಟುಬಿಡುತ್ತದೆ. ಸ್ಟೇಜಿನ ಮೇಲೆ ಆನೆ ಕುದುರೆ ತಂದರಂತಲ್ಲ, ರಾಜ್‌ಕುಮಾರ್ ಅಲ್ಲೇ ಬೆಳೆದರಂತಲ್ಲ ಅಂತ. ಅದೆಲ್ಲ ನಿಜವೇ. ವೀರಣ್ಣನವರ ಮೇಲೆ ನನಗೂ ಭಕ್ತಿ ಇದೆ. ಆದರೆ ಜಯಮ್ಮನವರ ಬಗ್ಗೆ ಮಾತು ತೆಗೆದರೆ ಅದು ಅವರ ಬಗ್ಗೆಯೇ ಮುಗಿಯಬೇಕು ಅನ್ನುವುದು ನನ್ನ ಆಸೆ. ಅವರು ನಟಿ, ಅವರು ಗಾಯಕಿ. ಆಮೇಲೆ ಉಳಿದದ್ದು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಬಸವನಹಳ್ಳಿಯಲ್ಲಿ ಮನೆ. ಹಗಲು ಹೊಲಿಗೆ ಮಿಷನ್ನು. ಸಂಕ್ರಾಂತಿ ಕಳೆದ ಮೇಲೆ ಮಳೆ ಹಿಡಿಯುವವರೆಗೂ ನಾಟಕ. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಕಡೂರು ಕಡೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುತ್ತಾರಲ್ಲ, ಅದರಲ್ಲಿ ಹೆಣ್ಣು ಪಾತ್ರ ಮಾಡಲು ನಮ್ಮಂಥವರನ್ನು ಕರೆಸುತ್ತಾರೆ. ಊರಿನ ಗಂಡಸರು ದುಡ್ಡು ಕಟ್ಟಿ ಪಾತ್ರ ತಗೊಳ್ಳುತ್ತಾರೆ. ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಜಾಸ್ತಿ ರೇಟು. ತಿಂಗಳುಗಟ್ಟಲೆ ಮೇಷ್ಟ್ರ ಹತ್ತಿರ ಪ್ರಾಕ್ಟೀಸು ನಡೆಯುತ್ತದೆ. ನಾವು ಕಡೇ ಟ್ರಯಲ್‌ಗೋ ಅಥವಾ ನೇರ ನಾಟಕದ ರಾತ್ರಿಗೋ ಹೋಗುತ್ತೇವೆ. ಒಂದೇ ರಾತ್ರಿ ರುಕ್ಮಿಣಿ, ದ್ರೌಪದಿ, ಕುಂತಿ ಮೂರೂ ನಾನೇ ಆಗಿದ್ದುಂಟು. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೂ ಮಾಡಿದ್ದೇನೆ. ಅಲ್ಲಿ ಆಡುವುದು ಅಂದರೆ ಹಳ್ಳಿಯವರಿಗೆ ದೊಡ್ಡ ಹೆಮ್ಮೆ. ಎರಡು ಬಸ್ಸು ಮಾಡಿಕೊಂಡು ಊರಿಗೆ ಊರೇ ಬಂದು ಕೂರುತ್ತದೆ.

ನನಗೆ ಈ ವಿದ್ಯೆ ಬಂದದ್ದು ನಮ್ಮ ದೊಡ್ಡಮ್ಮನಿಂದ. ದೊಡ್ಡಮ್ಮ ಸಣ್ಣ ಪುಟ್ಟ ನಾಟಕ ಕಂಪನಿಗಳಲ್ಲಿ ಇದ್ದವರು. ಹಾಡು ಹೇಳಿಕೊಡುವಾಗ ಎದೆಯ ಕೆಳಗೆ ಬೆರಳಿಟ್ಟು ಒತ್ತುತ್ತಿದ್ದರು. "ಗಂಟಲಲ್ಲಿ ಹಾಡಬ್ಯಾಡ ಮಗಾ, ಇಲ್ಲಿಂದ ತೆಗಿ. ಗುಬ್ಬಿ ಜಯಮ್ಮ ಮೈಕಿಲ್ದೆ ಹಾಡ್ತಿದ್ರು ಗೊತ್ತಾ" ಅನ್ನುತ್ತಿದ್ದರು. ನಾನು ಆ ಹೆಸರು ಮೊದಲು ಕೇಳಿದ್ದು ಹಾಗೆ. ಅದೊಂದು ಅಳತೆಗೋಲಿನ ಹಾಗೆ ನನ್ನ ತಲೆಯಲ್ಲಿ ಉಳಿದುಕೊಂಡಿತು. ಅವರು ನಮ್ಮೂರಲ್ಲೇ ಹುಟ್ಟಿದವರು ಅಂತ ಗೊತ್ತಾಗಿದ್ದು ಬಹಳ ತಡವಾಗಿ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕ ಸಿನಿಮಾ ನೋಡಿದೆ.

1915ರ ಚಿಕ್ಕಮಗಳೂರು ಅಂದರೆ ಮೈಸೂರು ಸಂಸ್ಥಾನದ ಊರು. ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತಲೇ ಹೆಸರು. ರೈಲು ಇರಲಿಲ್ಲ. ನಮ್ಮ ಊರಿಗೆ ರೈಲು ಬಂದದ್ದೇ 2013ರಲ್ಲಿ. ಅಲ್ಲಿಯವರೆಗೂ ರೈಲು ಬೇಕು ಅಂದರೆ ಕಡೂರಿಗೋ ಬೀರೂರಿಗೋ ಹೋಗಬೇಕಿತ್ತು. ನಾಟಕ ಕಂಪನಿಗಳಿಗೆ ರೈಲು ಬಹಳ ಮುಖ್ಯ. ಪರದೆಗಳು, ಪೆಟ್ಟಿಗೆಗಳು, ಸೀನು ಸಾಮಾನು, ಅಡುಗೆ ಪಾತ್ರೆ, ಹೆಂಗಸರು ಮಕ್ಕಳು ಎಲ್ಲ ಒಟ್ಟಿಗೆ ಹೊರಡಬೇಕಲ್ಲ. ಇಂಥ ಊರಲ್ಲಿ ಹುಟ್ಟಿದ ಹುಡುಗಿ ಚಿಕ್ಕ ವಯಸ್ಸಿಗೇ ಗುಬ್ಬಿ ಕಂಪನಿ ಸೇರಿ, ಊರೂರು ತಿರುಗಿ, ಮದರಾಸಿನವರೆಗೂ ಹೆಸರು ಮಾಡಿದರು ಅನ್ನುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ತುಮಕೂರು ಪಕ್ಕದ ಗುಬ್ಬಿಯಲ್ಲಿ. ಪೂರ್ತಿ ಹೆಸರು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಮಂಡಳಿ. ವೀರಣ್ಣನವರು ಹುಡುಗರಾಗಿದ್ದಾಗಲೇ ಅಲ್ಲಿ ಸೇರಿ, ಆಮೇಲೆ ಅದರ ಮಾಲೀಕರಾದವರು. ಆ ಕಾಲದಲ್ಲಿ ಹೆಣ್ಣು ಪಾತ್ರ ಗಂಡಸರೇ ಮಾಡುತ್ತಿದ್ದರು. ಮೀಸೆ ಬೋಳಿಸಿಕೊಂಡು, ಸೀರೆ ಉಟ್ಟು, ದನಿ ಸಣ್ಣ ಮಾಡಿಕೊಂಡು. ಹೆಂಗಸರನ್ನು ಸ್ಟೇಜಿಗೆ ತಂದು, ಅವರಿಗೆ ಮರ್ಯಾದೆಯ ಜಾಗ ಕೊಟ್ಟವರಲ್ಲಿ ವೀರಣ್ಣನವರ ಹೆಸರು ಮುಂದಿದೆ. ಜಿ. ಸುಂದರಮ್ಮ, ಬಿ. ಜಯಮ್ಮ ಇವರೆಲ್ಲ ಆ ದಾರಿಯಲ್ಲಿ ನಡೆದವರು. ದಾರಿ ತೆರೆದದ್ದು ವೀರಣ್ಣನವರು ಸರಿ. ಆದರೆ ಆ ದಾರಿಯಲ್ಲಿ ರಾತ್ರಿ ರಾತ್ರಿ ನಿಂತು, ಜನ ಏನಂತಾರೋ ಅನ್ನುವ ಭಯ ನುಂಗಿಕೊಂಡು ಹಾಡಿದ್ದು ಈ ಹೆಣ್ಣುಮಕ್ಕಳೇ ಅಲ್ವಾ? ನನ್ನ ಕಾಲದಲ್ಲೇ "ನಾಟಕದವಳು" ಅನ್ನುವ ಮಾತನ್ನು ಯಾವ ದನಿಯಲ್ಲಿ ಹೇಳುತ್ತಾರೆ ಅಂತ ನನಗೆ ಗೊತ್ತು. ಬಾಡಿಗೆ ಮನೆ ಕೇಳಲು ಹೋದಾಗ ಗೊತ್ತಾಗಿದೆ. ಆಗಿನದ್ದು ನೀವೇ ಊಹಿಸಿ.

ಈಗ ಹಾಡಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಹಾಡು ಅಂದರೆ ಈಗ ನಮಗೆ ಸ್ಟುಡಿಯೋ, ಹೆಡ್‌ಫೋನು. ಕಂಪನಿ ನಾಟಕದ ಹಾಡಿನ ಕಷ್ಟವೇ ಬೇರೆ.

ಸ್ಟೇಜಿನ ಮುಂದೆ, ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಕಾಲಲ್ಲಿ ತುಳಿಯುವ ಹಾರ್ಮೋನಿಯಂ. ಎರಡೂ ಕೈ ಸ್ವರದ ಮನೆಗಳ ಮೇಲೆ ಇರುವುದರಿಂದ ಅದರ ಸದ್ದು ಜೋರು. ಪಕ್ಕದಲ್ಲಿ ತಬಲಾ. ಶ್ರುತಿ ಎತ್ತರದಲ್ಲೇ ಇರಬೇಕು. ಇಲ್ಲದಿದ್ದರೆ ದನಿ ಕಡೇ ಬೆಂಚಿಗೆ ಮುಟ್ಟುವುದಿಲ್ಲ. ಎದುರಿಗೆ ಸಾವಿರಾರು ಜನ. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಇನ್ನೂ ಹಿಂದೆ ನೆಲ. ನೆಲದವರು ಕೊಟ್ಟ ಕಾಸಿಗೂ ಹಾಡು ಕೇಳಿಸಬೇಕು. ಮಕ್ಕಳು ಅಳುತ್ತಿರುತ್ತವೆ, ಕಡಲೆಕಾಯಿ ಮಾರುವವನು ಕೂಗುತ್ತಿರುತ್ತಾನೆ. ಮೈಕ್ ಇಲ್ಲ. ಹಾಡಿನ ಮಧ್ಯೆ ನಟನೆಯೂ ಆಗಬೇಕು. ಅಳುವ ಸೀನಾದರೆ ಅಳುತ್ತಾ ಹಾಡಬೇಕು, ಆದರೆ ಶ್ರುತಿ ಅಳಬಾರದು. ಅದು ಮುಗಿದ ಮೇಲೆ ಜನಕ್ಕೆ ಇಷ್ಟವಾಗಿಬಿಟ್ಟರೆ 'ಒನ್ಸ್ ಮೋರ್'. ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಹಾಡಿ ಮತ್ತೆ ಸಾಯಬೇಕಾಗುತ್ತಿತ್ತು ಅಂತ ಹಳಬರು ಹೇಳುತ್ತಾರೆ. ಇಷ್ಟೆಲ್ಲ ಆಗಿ ನಾಟಕ ಬೆಳಗಿನ ಜಾವದವರೆಗೆ. ಮಾರನೇ ದಿನ ಮತ್ತೆ ಅದೇ.

ಇದು ನನಗೆ ಪುಸ್ತಕ ಓದಿ ಅರ್ಥವಾದದ್ದಲ್ಲ. ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ದ್ರೌಪದಿ ಮಾಡುತ್ತಿದ್ದೆ. ಸಂಧಾನಕ್ಕೆ ಹೊರಟ ಕೃಷ್ಣನ ಮುಂದೆ ದ್ರೌಪದಿ ಬಿಚ್ಚಿದ ಮುಡಿ ಹಿಡಿದುಕೊಂಡು ಬರುವ ಸೀನು. ಹಾಡಿನ ಮೊದಲ ಸಾಲು ಮುಗಿದು ಎರಡನೇ ಸಾಲು ಎತ್ತಿದೆ, ಕರೆಂಟು ಹೋಯಿತು. ದೀಪವೂ ಇಲ್ಲ, ಮೈಕೂ ಇಲ್ಲ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಲಿಲ್ಲ. ಕತ್ತಲಲ್ಲೇ "ಹಾಡಮ್ಮ, ಬಿಡಬ್ಯಾಡ" ಅಂದರು. ಯಾರೋ ಮೊಬೈಲ್ ಟಾರ್ಚ್ ಹಾಕಿದರು, ಇನ್ನೊಬ್ಬರು ಹಾಕಿದರು, ಆಮೇಲೆ ಹತ್ತಾರು ಜನ. ನಾನು ಹಾಡಿದೆ. ಇದ್ದ ಉಸಿರೆಲ್ಲ ಹಾಕಿ ಹಾಡಿದೆ. ಮೂರನೇ ಸಾಲಿನವರಿಗೆ ಕೇಳುತ್ತಿತ್ತು ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅದರ ಹಿಂದಿನವರು ಮಾತಾಡಲು ಶುರು ಮಾಡಿದ್ದರು. ಹಿಂದಿನಿಂದ ಒಬ್ಬರು "ಕೇಳ್ತಿಲ್ಲ ಕಣಮ್ಮೋ" ಅಂತ ಕೂಗಿದರು. ಜನರೇಟರ್ ಹೊತ್ತಿಕೊಳ್ಳುವವರೆಗೆ ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಯುಗ. ಹೊಟ್ಟೆಯ ಸ್ನಾಯು ನಡುಗುತ್ತಿತ್ತು. ಮೈಕ್ ಮತ್ತೆ ಬಂದಾಗ ನನ್ನ ದನಿ ನನಗೇ ಗುರುತು ಸಿಗದಷ್ಟು ಒಡೆದಿತ್ತು.

ಆವತ್ತು ಗ್ರೀನ್ ರೂಮಲ್ಲಿ ಕೂತು ಬಿಸಿನೀರು ಕುಡಿಯುತ್ತಾ ನನಗೆ ದೊಡ್ಡಮ್ಮನ ಮಾತು ಅರ್ಥವಾಯಿತು. ನಾನು ಒಂದು ಹಾಡಿಗೆ ಸೋತದ್ದನ್ನು ಜಯಮ್ಮನವರು ರಾತ್ರಿಯಿಡೀ ಮಾಡುತ್ತಿದ್ದರು. ವರ್ಷಗಟ್ಟಲೆ ಮಾಡಿದರು. ಅದೂ ಮುಖದಲ್ಲಿ ಆ ಕಷ್ಟ ಒಂದಿಷ್ಟೂ ತೋರಿಸದೆ. ಅವರನ್ನು ನೋಡಿದವರೆಲ್ಲ ಮೊದಲು ಹೇಳುವುದು ಅವರ ಕಣ್ಣುಗಳ ಬಗ್ಗೆ. ಕಣ್ಣಲ್ಲೇ ಭಾವ ತೋರಿಸುತ್ತಿದ್ದರು ಅಂತ. ಎತ್ತರದ ಶ್ರುತಿಯಲ್ಲಿ ಹಾಡುವಾಗ ಹುಬ್ಬು ಗಂಟಾಗುತ್ತದೆ, ಕತ್ತಿನ ನರ ಉಬ್ಬುತ್ತದೆ. ಅದನ್ನು ಗೆದ್ದು ಕಣ್ಣಿಗೆ ಬೇರೆ ಕೆಲಸ ಕೊಡುವುದು ಇದೆಯಲ್ಲ, ಅದು ಎಷ್ಟು ದೊಡ್ಡ ಸಾಧನೆ ಅಂತ ಬಣ್ಣ ಹಚ್ಚಿದವರಿಗೆ ಗೊತ್ತು.

ಅವರ ಸಿನಿಮಾ ಶುರುವಾದ ರೀತಿ ಮಾತ್ರ ನನಗೆ ಯಾವಾಗಲೂ ಹೊಟ್ಟೆ ಉರಿಸುತ್ತದೆ. ವೀರಣ್ಣನವರಿಗೆ ಸಿನಿಮಾ ಹುಚ್ಚು ಹತ್ತಿತ್ತು. ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಅಂತ ಶುರು ಮಾಡಿ 1931ರಲ್ಲಿ 'ಹಿಸ್ ಲವ್ ಅಫೇರ್' ತೆಗೆಸಿದರು. ನಿರ್ದೇಶಕರು ಬೆಲ್ಜಿಯಂನವರು, ರಾಫೆಲ್ ಆಲ್ಗೋಟ್ ಅಂತ. ಜಯಮ್ಮನವರ ಮೊದಲ ಸಿನಿಮಾ ಇದೇ. ಆದರೆ ಅದು ಮೂಕಿ ಚಿತ್ರ. ಇಂಥ ಕಂಠ ಇರುವವರು ಮೊದಲ ಸಲ ಕ್ಯಾಮೆರಾ ಮುಂದೆ ನಿಂತಾಗ ಅದಕ್ಕೆ ಕಿವಿಯೇ ಇರಲಿಲ್ಲ! ಅದೇ 1931ರಲ್ಲಿ ಬೊಂಬಾಯಲ್ಲಿ 'ಆಲಂ ಆರಾ' ಬಂದು ದೇಶದಲ್ಲಿ ಟಾಕಿ, ಅಂದರೆ ಮಾತಿನ ಸಿನಿಮಾ, ಶುರುವಾಯಿತು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ಬರಲು ಇನ್ನೂ ಮೂರು ವರ್ಷ ಇತ್ತು. ಟಾಕಿ ನಮ್ಮಲ್ಲಿಗೆ ಒಂದಷ್ಟು ಬೇಗ ಬಂದಿದ್ದರೆ ಅವರ ಹದಿನಾರರ ದನಿ ನಮಗೆ ಉಳಿಯುತ್ತಿತ್ತು.

ಹಾಗಂತ ಆ ಮೂಕಿ ಚಿತ್ರವಾದರೂ ನೋಡೋಣ ಅಂದರೆ ಅದೂ ಇಲ್ಲ. ದಕ್ಷಿಣದಲ್ಲಿ ತೆಗೆದ ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟೂ ಅಲ್ಲ. ಆಗಿನ ಫಿಲಂ ನೈಟ್ರೇಟಿನದ್ದು. ಬೇಗ ಹಾಳಾಗುತ್ತಿತ್ತು, ಬೆಂಕಿ ಹತ್ತಿಕೊಳ್ಳುತ್ತಿತ್ತು. ಮೇಲಾಗಿ ಟಾಕಿ ಬಂದ ಮೇಲೆ ಮೂಕಿ ಚಿತ್ರ ಯಾರಿಗೆ ಬೇಕಿತ್ತು? ಒಂದು ಓಟ ಓಡಿದ ಮೇಲೆ ಅದನ್ನು ಕಾಪಾಡಬೇಕು ಅಂತಲೂ ಯಾರಿಗೂ ಹೊಳೆಯಲಿಲ್ಲ.

1935ರಲ್ಲಿ ವೀರಣ್ಣನವರ 'ಸದಾರಮೆ' ಟಾಕಿ ಬಂತು. ಅದರಲ್ಲಿ ನಾಯಕಿ ಕೆ. ಅಶ್ವತ್ಥಮ್ಮ. ಅವರೂ ದೊಡ್ಡ ಹಾಡುಗಾರ್ತಿ. ಜಯಮ್ಮನವರ ಟಾಕಿ ದಿನಗಳು 40ರ ದಶಕದಲ್ಲಿ ಗಟ್ಟಿಯಾದವು. 1942ರ 'ಜೀವನ ನಾಟಕ'ದಲ್ಲಿ ಇದ್ದರು. ಅದಕ್ಕೆ ಬರೆದವರು ಅ.ನ.ಕೃ. ಅದರಲ್ಲಿ ಶಾಂತಾ ಹುಬ್ಳೀಕರ್, ಕೆಂಪರಾಜ ಅರಸ್ ಎಲ್ಲ ಇದ್ದಾರೆ. ಆಮೇಲೆ 'ಹೇಮರೆಡ್ಡಿ ಮಲ್ಲಮ್ಮ'. ಮಲ್ಲಮ್ಮನ ಕಥೆ ನಮ್ಮ ಕಡೆ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಅತ್ತೆ, ನಾದಿನಿಯರ ಕಾಟ ಸಹಿಸಿ ಮಲ್ಲಿಕಾರ್ಜುನನನ್ನು ಒಲಿಸಿಕೊಂಡ ಶರಣೆ. ಆ ಪಾತ್ರಕ್ಕೆ ಭಕ್ತಿಯ ಹಾಡೇ ಜೀವ. ಜಯಮ್ಮನವರು ಮಲ್ಲಮ್ಮ ಆದದ್ದು ತುಂಬ ಸಹಜ. ಜೊತೆಗೆ ಹೊನ್ನಪ್ಪ ಭಾಗವತರ್, ವೀರಣ್ಣನವರು.

ಆಗ ಹಿನ್ನೆಲೆ ಗಾಯನ ಇನ್ನೂ ನಮ್ಮ ಕಡೆ ಬೇರೂರಿರಲಿಲ್ಲ. ನಟಿಸುವವರೇ ಹಾಡಬೇಕಿತ್ತು. ಮೊದಮೊದಲು ಸೆಟ್ಟಿನಲ್ಲೇ, ಕ್ಯಾಮೆರಾ ಓಡುತ್ತಿರುವಾಗಲೇ ಹಾಡುತ್ತಿದ್ದರು. ವಾದ್ಯದವರು ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಪಕ್ಕದಲ್ಲಿ ಕೂರುತ್ತಿದ್ದರು. ಹಾಗಾಗಿ ಸಿನಿಮಾದವರು ಹುಡುಕಿಕೊಂಡು ಬರುತ್ತಿದ್ದುದೇ ನಾಟಕದವರನ್ನು. ಜಯಮ್ಮ, ಎಂ.ವಿ. ರಾಜಮ್ಮ, ಅಶ್ವತ್ಥಮ್ಮ ಇವರಿಗೆಲ್ಲ ಅದು ಸಿಕ್ಕ ಬಾಗಿಲು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಕಡೇ ಬೆಂಚಿಗೆ ಕೇಳಿಸಲು ಕಲಿತ ದನಿಯನ್ನು ಮೈಕಿನ ಮುಂದೆ ಇಳಿಸಿಕೊಳ್ಳಬೇಕು. ನಾಟಕದಲ್ಲಿ ಹತ್ತು ಆಳಿನ ದೂರಕ್ಕೆ ಕಾಣುವ ಹಾಗೆ ಮಾಡುವ ಅಭಿನಯ ಕ್ಯಾಮೆರಾಗೆ ಜಾಸ್ತಿ ಆಗಿಬಿಡುತ್ತದೆ. ಎಷ್ಟೋ ಒಳ್ಳೆಯ ರಂಗನಟರು ಸಿನಿಮಾದಲ್ಲಿ ಕೂಗಿದ ಹಾಗೆ ಕಾಣುವುದು ಅದಕ್ಕೇ.

ಜಯಮ್ಮನವರು ಹಾಗೆ ಕಾಣುವುದಿಲ್ಲ. ಇದನ್ನು ನಾನು 'ಸ್ವರ್ಗಸೀಮ' ನೋಡಿ ಧೈರ್ಯವಾಗಿ ಹೇಳುತ್ತಿದ್ದೇನೆ.

'ಸ್ವರ್ಗಸೀಮ' ತೆಲುಗು ಸಿನಿಮಾ, 1945ರದ್ದು. ವಾಹಿನಿಯವರದ್ದು, ನಿರ್ದೇಶನ ಬಿ.ಎನ್. ರೆಡ್ಡಿ. ಅಂತರ್ಜಾಲದಲ್ಲಿ ಸಿಗುತ್ತದೆ, ದಯವಿಟ್ಟು ನೋಡಿ. ತೆಲುಗು ಬರದಿದ್ದರೂ ತೊಂದರೆ ಇಲ್ಲ, ನನಗೂ ಅಷ್ಟಕ್ಕಷ್ಟೇ. ಕಥೆ ಸರಳ. ಮೂರ್ತಿ ಅನ್ನುವವನಿಗೆ ಕಲ್ಯಾಣಿ ಅನ್ನುವ ಹೆಂಡತಿ, ಮಕ್ಕಳು, ನೆಮ್ಮದಿಯ ಸಂಸಾರ. ಬೀದಿಯಲ್ಲಿ ಹಾಡಿ ಕುಣಿಯುವ ಸುಬ್ಬಿಯ ಪರಿಚಯವಾಗುತ್ತದೆ. ಅವಳು ಮುಂದೆ ಸುಜಾತಾದೇವಿ ಅಂತ ದೊಡ್ಡ ನಟಿ ಆಗುತ್ತಾಳೆ. ಮೂರ್ತಿ ಅವಳ ಹಿಂದೆ ಹೋಗಿ ಸಂಸಾರ ಬಿಡುತ್ತಾನೆ. ಮೂರ್ತಿ ಚಿತ್ತೂರು ನಾಗಯ್ಯ. ಸುಬ್ಬಿ ಭಾನುಮತಿ. ಕಲ್ಯಾಣಿ ನಮ್ಮ ಜಯಮ್ಮ.

ಆ ಸಿನಿಮಾದಿಂದ ಮೇಲೆದ್ದವರು ಭಾನುಮತಿ. ಅವರ ಪಾರಿವಾಳದ ಹಾಡು ಊರೂರಲ್ಲಿ ಮನೆಮಾತಾಯಿತು. ಘಂಟಸಾಲ ಅವರಿಗೆ ಸಿನಿಮಾದಲ್ಲಿ ಹಾಡಲು ಮೊದಲ ಅವಕಾಶ ಸಿಕ್ಕಿದ್ದೂ ಇದರಲ್ಲೇ. ಭಾನುಮತಿ ಹಾಡುವುದು ಹೊಸ ಕಾಲದ ರೀತಿ. ಮೈಕಿಗೇ ಹುಟ್ಟಿದ ದನಿ. ಎಷ್ಟು ಚೆಂದ ಅಂದರೆ ನಾನೂ ದಿನವಿಡೀ ಗುನುಗುತ್ತೇನೆ. ಆದರೆ ಕಲ್ಯಾಣಿಯ ಪಾತ್ರ ನೋಡಿ. ಜಯಮ್ಮನವರಿಗೆ ಸುಬ್ಬಿಯ ಹಾಗೆ ಕುಣಿತ ಇಲ್ಲ, ಬೆಡಗು ಇಲ್ಲ. ಮನೆಯೇ ಸ್ವರ್ಗಸೀಮೆ ಅನ್ನುವ ಅರ್ಥದ ಹಾಡು ಬರುತ್ತದೆ, ನಾಗಯ್ಯನವರ ಜೊತೆ. ಅದರಲ್ಲಿ ಅವರು ದನಿಯನ್ನು ಎಷ್ಟು ಇಳಿಸಿಕೊಂಡಿದ್ದಾರೆ ಕೇಳಿ. ಸಾವಿರ ಜನರ ಮುಂದೆ ಹಾಡಿದವರು ಅಂತ ಅನ್ನಿಸುವುದೇ ಇಲ್ಲ. ಮನೆಯ ಹೆಂಗಸು ಕೆಲಸದ ಮಧ್ಯೆ ಹಾಡಿಕೊಂಡ ಹಾಗಿದೆ. ಆದರೆ ಶ್ರುತಿ ಒಂದು ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ. ಸಾಲಿನ ಕೊನೆಯ ಅಕ್ಷರವನ್ನು ಗಾಳಿಗೆ ಬಿಡದೆ ಪೂರ್ತಿ ಮುಗಿಸುತ್ತಾರೆ. ಅದು ಕಂಪನಿಯ ಅಭ್ಯಾಸ. ಕೊನೆಯ ಅಕ್ಷರ ನುಂಗಿದರೆ ಮೇಷ್ಟ್ರು ಬಿಡುತ್ತಿರಲಿಲ್ಲ, ಈಗಲೂ ಬಿಡುವುದಿಲ್ಲ.

ಇನ್ನೊಂದು ಮಾತು. ಕಲ್ಯಾಣಿಯಂಥ ಪಾತ್ರ ಮಾಡುವುದು ಕಷ್ಟ. ಗಂಡನಿಂದ ದೂರವಾದ ಹೆಂಡತಿ ಅಂದರೆ ಅತ್ತು ಕರೆದು ಜನರ ಕನಿಕರ ಗಿಟ್ಟಿಸಿಬಿಡಬಹುದು. ನಮ್ಮ ನಾಟಕಗಳಲ್ಲಿ ನಾನೂ ಎಷ್ಟೋ ಸಲ ಆ ಸುಲಭದ ದಾರಿ ಹಿಡಿದಿದ್ದುಂಟು, ಸೀಟಿ ಚಪ್ಪಾಳೆ ಬೀಳುತ್ತದೆ. ಜಯಮ್ಮನವರ ಕಲ್ಯಾಣಿಗೆ ಒಂದು ಘನತೆ ಇದೆ. ನೋವು ಇದೆ, ಆದರೆ ಅದನ್ನು ಯಾರ ಮುಂದೆಯೂ ಒಡ್ಡುವುದಿಲ್ಲ. ಕಣ್ಣುಗಳ ಬಗ್ಗೆ ಹಳಬರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ತಮಿಳಿನಲ್ಲೂ ಮಾಡಿದರು. 1946ರ 'ಲವಂಗಿ'ಯಲ್ಲಿ ಇದ್ದಾರೆ. ಅದನ್ನು ತೆಗೆದವರು ವೈ.ವಿ. ರಾವ್. 'ಸತಿ ಸುಲೋಚನಾ' ನಿರ್ದೇಶಿಸಿದವರು ಅವರೇ. ಅದಕ್ಕೂ ಮುಂಚೆ ವೀರಣ್ಣನವರ ಸಂಸ್ಥೆಗೆ 'ಹರಿಮಾಯ' ಅನ್ನುವ ಮೂಕಿ ಚಿತ್ರ ಮಾಡಿಕೊಟ್ಟವರು. 'ಲವಂಗಿ'ಯ ನಾಯಕಿ ಕುಮಾರಿ ರುಕ್ಮಿಣಿ. ನಮ್ಮ ನಟಿ ಲಕ್ಷ್ಮಿ ಇದ್ದಾರಲ್ಲ, ಅವರ ಅಮ್ಮ. ಹೀಗೆ ಒಂದು ಎಳೆ ಹಿಡಿದರೆ ಎಲ್ಲರೂ ನೆಂಟರೇ. ಕನ್ನಡದ ಹೆಣ್ಣುಮಗಳೊಬ್ಬಳು 40ರ ದಶಕದಲ್ಲಿ ಮೂರು ಭಾಷೆಯಲ್ಲಿ ಮಾತಾಡಿ ಹಾಡಿ ಬಂದರು ಅನ್ನುವುದನ್ನು ಗಮನಿಸಿ. ಕಂಪನಿ ಆಂಧ್ರ, ತಮಿಳುನಾಡಿನ ಕಡೆಯೆಲ್ಲ ತಿರುಗುತ್ತಿದ್ದದ್ದೇ ಅವರಿಗೆ ಪಾಠಶಾಲೆ ಆಗಿತ್ತು.

1953ರಲ್ಲಿ 'ಗುಣಸಾಗರಿ' ಬಂತು. ಅದರಲ್ಲಿ ಪಂಡರಿಬಾಯಿ, ಹೊನ್ನಪ್ಪ ಭಾಗವತರ್, ಜಯಮ್ಮ, ವೀರಣ್ಣ ಎಲ್ಲ ಇದ್ದರು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಮಾರನೇ ವರ್ಷ ಅದೇ ಸಿಂಹ 'ಬೇಡರ ಕಣ್ಣಪ್ಪ' ಮಾಡಿದರು. ಗುಬ್ಬಿ ಕಂಪನಿಯ ಮುತ್ತುರಾಜ್ ರಾಜ್‌ಕುಮಾರ್ ಆದರು. ಅಲ್ಲಿಂದ ಕನ್ನಡ ಸಿನಿಮಾದ ಕಥೆಯೇ ಬೇರೆ. ಹಾಡುವವರು ಬೇರೆ, ನಟಿಸುವವರು ಬೇರೆ ಅನ್ನುವ ಕಾಲ ಬಂತು. ಜಯಮ್ಮನವರು ತಾಯಿ ಪಾತ್ರಗಳಿಗೆ ಬಂದರು. 1958ರ 'ಅಣ್ಣ ತಂಗಿ'ಯಲ್ಲಿ ಅವರನ್ನು ನೋಡಬಹುದು. ತಾಯಿ ಪಾತ್ರದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ನಾನೂ ಕುಂತಿ ಮಾಡುವವಳೇ. ಆದರೆ ನಲವತ್ತು ದಾಟಿದ ಕೂಡಲೇ ಹಾಡುವ ಹೆಣ್ಣನ್ನು ಹಾಡದ ಹಾಗೆ ಮಾಡಿಬಿಡುತ್ತಾರಲ್ಲ, ಅದು ನನಗೆ ಸಂಕಟ. ಗಂಡಸರಿಗೆ ಹಾಗಿಲ್ಲ. ನಮ್ಮ ಹಳ್ಳಿ ನಾಟಕಗಳಲ್ಲಿ ಅರವತ್ತು ದಾಟಿದ ಅರ್ಜುನರು ಬೇಕಾದಷ್ಟಿದ್ದಾರೆ, ರಾತ್ರಿಯಿಡೀ ಹಾಡುತ್ತಾರೆ.

ವೀರಣ್ಣನವರು 1972ರಲ್ಲಿ ತೀರಿಕೊಂಡರು. ಜಯಮ್ಮನವರು 1988ರವರೆಗೆ ಇದ್ದರು. ಈ ಕಡೆಯ ವರ್ಷಗಳು ನನ್ನನ್ನು ಕಾಡುತ್ತವೆ. ಆಗ ಟೇಪ್‌ರೆಕಾರ್ಡರ್ ಇತ್ತು, ಆಕಾಶವಾಣಿ ಇತ್ತು, ಟಿವಿ ಬಂದಿತ್ತು. ನಾನು ಶಾಲೆಗೆ ಹೋಗುತ್ತಿದ್ದೆ. ಅವರು ಹುಟ್ಟಿದ ಊರಲ್ಲೇ ನಾನು ಓಡಾಡಿಕೊಂಡಿದ್ದೆ. ಯಾರಾದರೂ ಅವರನ್ನು ಒಂದು ಸಂಜೆ ನಮ್ಮೂರಿಗೆ ಕರೆಸಿ ಒಂದು ರಂಗಗೀತೆ ಹಾಡಿಸಿದ್ದರೆ ನನಗೆ ಕೇಳುವ ಯೋಗ ಇರುತ್ತಿತ್ತು.

ಆ ಮನೆಯ ದನಿ ನಿಂತಿಲ್ಲ ಅನ್ನುವುದೇ ಸಮಾಧಾನ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ. ಅವರ ತಾಯಿ ಜಿ.ವಿ. ಮಾಲತಮ್ಮ, ಅವರೂ ರಂಗನಟಿ. ಜಯಶ್ರೀ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದರು, 'ಸ್ಪಂದನ' ತಂಡ ಕಟ್ಟಿದರು, 'ಕರಿಮಾಯಿ' ಮಾಡಿಸಿದರು. ಅಜ್ಜನ 'ಸದಾರಮೆ' ನಾಟಕವನ್ನು ಮತ್ತೆ ಸ್ಟೇಜಿಗೆ ತಂದು, ಅಜ್ಜನಿಗೆ ಹೆಸರು ತಂದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. 2013ರಲ್ಲಿ ಪದ್ಮಶ್ರೀ ಬಂತು. ಈಗಿನ ಮಕ್ಕಳಿಗೆ ಹೇಳಬೇಕಾದರೆ 'ನನ್ನ ಪ್ರೀತಿಯ ಹುಡುಗಿ' ಸಿನಿಮಾದ ಕಾರಿನ ಹಾಡು ಹಾಡಿದವರು ಅಂತ ಹೇಳುತ್ತೇನೆ, ಥಟ್ಟನೆ ಗೊತ್ತಾಗುತ್ತದೆ. ಅವರ ದನಿ ಕೇಳಿದಾಗ ಮೈಕ್ ಸುಮ್ಮನೆ ಜೊತೆಗಿದೆ, ಅದು ಇಲ್ಲದಿದ್ದರೂ ನಡೆಯುತ್ತಿತ್ತು ಅನ್ನಿಸುತ್ತದೆ. ಜಯಶ್ರೀ ಅವರನ್ನು ನೋಡಿದ ಮೇಲೆ ನನಗೆ ಜಯಮ್ಮನವರನ್ನು ಸ್ಟೇಜಿನ ಮೇಲೆ ಕಲ್ಪಿಸಿಕೊಳ್ಳುವುದು ಸುಲಭವಾಯಿತು.

ನನ್ನ ಹತ್ತಿರ ಈಗ ಇಬ್ಬರು ಹುಡುಗಿಯರು ರಂಗಗೀತೆ ಕಲಿಯಲು ಬರುತ್ತಾರೆ. ಒಬ್ಬಳು ಪಿಯುಸಿ, ಇನ್ನೊಬ್ಬಳು ಕಾಫಿ ಕ್ಯೂರಿಂಗಿನಲ್ಲಿ ಕೆಲಸ ಮಾಡುತ್ತಾಳೆ. ಇಬ್ಬರಿಗೂ ಕರೋಕೆ ಹಾಕಿಕೊಂಡು ಮೊಬೈಲಿಗೆ ಹಾಡಿ ಅಭ್ಯಾಸ. ಒಳ್ಳೆಯ ದನಿ, ಆದರೆ ಬಾಗಿಲಾಚೆ ಕೇಳುವುದಿಲ್ಲ. ನಾನು ಅವರನ್ನು ಮಾಳಿಗೆ ಮೇಲೆ ನಿಲ್ಲಿಸಿ, ನಾನು ರಸ್ತೆಗೆ ಇಳಿದು ನಿಂತು ಹಾಡಿಸುತ್ತೇನೆ. "ಕೂಗಬೇಡ, ಹಾಡು. ಕೂಗದೆ ನನಗೆ ಕೇಳಿಸಬೇಕು" ಅನ್ನುತ್ತೇನೆ. ಎದುರು ಮನೆಯವರು ಮೊದಲು ಬೈದುಕೊಂಡರು, ಈಗ ಜಗಲಿಯಲ್ಲಿ ಕೂತು ಕೇಳುತ್ತಾರೆ. ಪಿಯುಸಿ ಹುಡುಗಿ ಮೊನ್ನೆ 'ಸ್ವರ್ಗಸೀಮ' ಪೂರ್ತಿ ನೋಡಿ ಬಂದು, "ಆಂಟಿ, ಕಲ್ಯಾಣಿ ಮಾಡಿರೋರು ನಿಜವಾಗ್ಲೂ ನಮ್ಮೂರವ್ರಾ?" ಅಂತ ಕೇಳಿದಳು. ಹೌದು ಕಣೆ, ನಮ್ಮೂರವರೇ ಅಂದೆ. ಅವಳು ಅದನ್ನು ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳಂತೆ.

ಕೊನೆಗೊಂದು ಕೋರಿಕೆ. ಚಿಕ್ಕಮಗಳೂರು, ಹಾಸನ, ಕಡೂರು, ಬೇಲೂರು ಕಡೆಯ ಹಳೇ ಮನೆಗಳಲ್ಲಿ ಅಟ್ಟದ ಮೇಲೆ ಗ್ರಾಮಫೋನ್ ಪ್ಲೇಟುಗಳು ಇನ್ನೂ ಇರುತ್ತವೆ. ತೋಟದ ಮನೆಗಳಲ್ಲಂತೂ ಇರುತ್ತವೆ, ಆಗ ಗ್ರಾಮಫೋನ್ ಇಟ್ಟುಕೊಳ್ಳುವ ಶಕ್ತಿ ಇದ್ದದ್ದು ಅವರಿಗೇ. ನಾಟಕದ ಹಾಡಿನ ಪ್ಲೇಟೇನಾದರೂ ಸಿಕ್ಕಿದರೆ ಗುಜರಿಗೆ ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಉಜ್ಜಲೂ ಬೇಡಿ, ಮಧ್ಯದ ಲೇಬಲ್ ಕಿತ್ತುಹೋಗುತ್ತದೆ, ಹೆಸರೇ ಅದರಲ್ಲಿ ಇರುವುದು. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ತೆಗೆದು, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಲೇಬಲ್ಲಿನ ಫೋಟೋ ತೆಗೆದು ಇಲ್ಲಿ ಕೆಳಗೆ ಹಾಕಿ. ಅದೇ ರೀತಿ ಗುಬ್ಬಿ ಕಂಪನಿ ಕ್ಯಾಂಪು ನೋಡಿದ ಅಜ್ಜ ಅಜ್ಜಿಯರು ನಿಮ್ಮ ಮನೆಯಲ್ಲಿ ಇದ್ದರೆ ಮೊಬೈಲ್ ಮುಂದಿಟ್ಟು ಮಾತಾಡಿಸಿ. ಯಾವ ನಾಟಕ, ಯಾವ ಊರು, ಯಾವ ಹಾಡಿಗೆ ಒನ್ಸ್ ಮೋರ್ ಆಯಿತು ಅಂತ ಕೇಳಿ. ನೆನಪಿದ್ದರೆ ಒಂದು ಸಾಲು ಹಾಡಿಸಿ. ರಾಗ ತಪ್ಪಿದರೂ ಪರವಾಗಿಲ್ಲ, ನಮ್ಮ ಮೇಷ್ಟ್ರು ಹಾರ್ಮೋನಿಯಂ ಮೇಲೆ ಹುಡುಕಿ ಕೊಡುತ್ತಾರೆ.